ಹಿಂಸಾತ್ಮಕ ಗೇಮ್‌ಗಳೂ ಹಾಡುಗಳೂ ಮಕ್ಕಳ ನಡತೆಯನ್ನು ನಿಜಕ್ಕೂ ಬದಲಿಸುತ್ತವೆಯೇ?

ಪ್ರಶ್ನೆ (ಇಬ್ಬರು ಮಕ್ಕಳ ತಾಯಿ)

ನನ್ನ ಹಿರಿಯ ಮಗನಿಗೆ ಈಗ ಹದಿನಾಲ್ಕು ವರ್ಷ. ಒಂದೂವರೆ ವರ್ಷದಿಂದ ಅವನು ಬಂದೂಕು ಹಿಡಿದು ಎದುರಾಳಿಗಳನ್ನು ಹೊಡೆದುರುಳಿಸುವ ಆನ್‌ಲೈನ್ ಗೇಮ್ ಒಂದನ್ನು ಬಹುತೇಕ ಪ್ರತಿ ಸಂಜೆಯೂ ಆಡುತ್ತಿದ್ದಾನೆ. ಆಡದೆ ಇರುವಾಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಕೇಳುತ್ತಿರುತ್ತಾನೆ. ಆ ಹಾಡುಗಳ ಸಾಹಿತ್ಯವನ್ನು ಒಂದು ದಿನ ಹುಡುಕಿ ಓದಿದೆ. ರಕ್ತ, ಸಾವು, ಸೇಡು ಇವಿಷ್ಟನ್ನು ಬಿಟ್ಟರೆ ಅದರಲ್ಲಿ ಬೇರೇನೂ ನನಗೆ ಕಾಣಿಸಲಿಲ್ಲ. ಇದೇ ಅವಧಿಯಲ್ಲಿ ಅವನ ಸಿಡುಕೂ ಹೆಚ್ಚಾಗಿದೆ. ಊಟಕ್ಕೆ ಕರೆದರೆ ಕಿರುಚುತ್ತಾನೆ, ಕೋಣೆಯೊಳಗೆ ಕಾಲಿಟ್ಟ ತಂಗಿಯ ಮೇಲೆ ರೇಗುತ್ತಾನೆ, ಹೋದ ತಿಂಗಳು ಕಂಪ್ಯೂಟರಿನ ಮೌಸನ್ನು ಗೋಡೆಗೆ ಎಸೆದು ಒಡೆದುಹಾಕಿದ. ಇದುವರೆಗೆ ಯಾರ ಮೇಲೂ ಕೈ ಮಾಡಿಲ್ಲ, ಶಾಲೆಯಿಂದ ದೂರು ಬಂದಿಲ್ಲ, ಓದಿನಲ್ಲಿ ಹಿಂದೆ ಬಿದ್ದಿಲ್ಲ ಎಂಬುದನ್ನೂ ಹೇಳಬೇಕು.

ನನ್ನ ಅಣ್ಣನ ಪ್ರಕಾರ ಇದೆಲ್ಲಕ್ಕೂ ಗೇಮೇ ಕಾರಣ. ದಿನವೂ ಕೊಲ್ಲುವುದನ್ನು ಅಭ್ಯಾಸ ಮಾಡುವ ಹುಡುಗ ಮುಂದೊಂದು ದಿನ ಅದನ್ನೇ ಮಾಡಿಯಾನು, ಆದ್ದರಿಂದ ಗೇಮನ್ನೂ ಹಾಡನ್ನೂ ಇಂದೇ ನಿಲ್ಲಿಸಿಬಿಡು ಎನ್ನುತ್ತಾನೆ. ನನ್ನ ಗಂಡ ಇದನ್ನು ನಕ್ಕು ತಳ್ಳಿಹಾಕುತ್ತಾರೆ. ತಾವು ಚಿಕ್ಕಂದಿನಲ್ಲಿ ನೋಡಿದ ಹೊಡೆದಾಟದ ಸಿನಿಮಾಗಳಿಗೆ ಲೆಕ್ಕವಿಲ್ಲ, ತಮ್ಮ ಜೊತೆ ನೋಡಿದವರಲ್ಲಿ ಯಾರೂ ಕೊಲೆಗಡುಕರಾಗಲಿಲ್ಲ, ಒಳಗಿನ ಕೋಪವನ್ನು ಹುಡುಗ ಆಟದಲ್ಲಿ ಕಳೆದುಕೊಂಡರೆ ಒಳ್ಳೆಯದೇ ಎಂಬುದು ಅವರ ವಾದ. ಇಬ್ಬರೂ ಅಷ್ಟು ಖಚಿತವಾಗಿ ಮಾತನಾಡುತ್ತಾರೆಂದರೆ, ನಡುವೆ ನಿಂತ ನನಗೆ ಇಬ್ಬರ ಮೇಲೂ ಅನುಮಾನ ಬಂದಿದೆ. ಈ ವಿಷಯವನ್ನು ಕ್ರಮವಾಗಿ ಪರೀಕ್ಷಿಸಿ ನೋಡಿದವರು ಏನು ಕಂಡುಕೊಂಡಿದ್ದಾರೆ? ನಿಲ್ಲಿಸುವುದೇ ಸರಿಯೆಂದಾದರೆ ನಿಲ್ಲಿಸುತ್ತೇನೆ, ಆದರೆ ಕಾರಣ ತಿಳಿಯದೆ ನಿಲ್ಲಿಸಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1 (ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ)

ತಮ್ಮ ಅಣ್ಣನವರೂ ಯಜಮಾನರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಾರೆಂದು ನನಗೆ ತೋರುತ್ತದೆ. ಈ ಚರ್ಚೆ ಅರವತ್ತು ವರ್ಷಗಳಿಂದ ಮುಗಿಯದೆ ಉಳಿದಿರುವುದಕ್ಕೂ ಅದೇ ಕಾರಣ. ಆಕ್ರಮಣಶೀಲತೆ ಎಂಬುದು ಒಂದು, ಹಿಂಸಾಪರಾಧ ಎಂಬುದು ಇನ್ನೊಂದು. ಸಿಡುಕು, ಬೈಗುಳ, ಬಾಗಿಲು ಬಡಿಯುವುದು, ಎದುರಿನವರು ಕೆಟ್ಟ ಉದ್ದೇಶದಿಂದಲೇ ಹಾಗೆ ಮಾಡಿದರೆಂದು ತಟ್ಟನೆ ಊಹಿಸಿಕೊಳ್ಳುವುದು, ಇವೆಲ್ಲ ಮೊದಲನೆಯದರಲ್ಲಿ ಸೇರುತ್ತವೆ. ಸಂಶೋಧಕರು ಬಹುಪಾಲು ಅಳೆದಿರುವುದು ಇದನ್ನೇ. ಪತ್ರಿಕೆಗಳು ಮತ್ತು ರಾಜಕಾರಣಿಗಳು ಮಾತನಾಡುವುದು ಎರಡನೆಯದರ ಬಗ್ಗೆ.

ಅಳತೆ ಹೇಗೆ ನಡೆಯುತ್ತದೆಂದು ತಿಳಿದರೆ ಫಲಿತಾಂಶಗಳನ್ನು ಎಷ್ಟು ನಂಬಬೇಕೆಂಬುದೂ ತಿಳಿಯುತ್ತದೆ. 1961ರಲ್ಲಿ ಆಲ್ಬರ್ಟ್ ಬಂಡೂರಾ ಮತ್ತು ಸಂಗಡಿಗರು, ಗಾಳಿ ತುಂಬಿದ ಗೊಂಬೆಯೊಂದನ್ನು ದೊಡ್ಡವರು ಹೊಡೆಯುವುದನ್ನು ಪುಟ್ಟ ಮಕ್ಕಳಿಗೆ ತೋರಿಸಿ, ಆ ಮಕ್ಕಳೂ ಅದೇ ರೀತಿ ಹೊಡೆಯುವುದನ್ನು ದಾಖಲಿಸಿದರು. ಕಂಡದ್ದನ್ನು ಮಕ್ಕಳು ಅನುಕರಿಸುತ್ತಾರೆಂಬುದು ಅದರಿಂದ ಸ್ಪಷ್ಟವಾಯಿತು; ಆದರೆ ಹೊಡೆಸಿಕೊಳ್ಳುವುದಕ್ಕೆಂದೇ ಮಾಡಿದ ಗೊಂಬೆಯನ್ನು ಹೊಡೆಯುವುದು ಹಿಂಸೆಯೋ ಆಟವೋ ಎಂಬ ಆಕ್ಷೇಪ ಅಂದಿನಿಂದ ಇಂದಿನವರೆಗೂ ಉಳಿದಿದೆ. ವಿಡಿಯೊ ಗೇಮ್‌ಗಳ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಂಡ ಪ್ರಯೋಗಗಳಲ್ಲೊಂದನ್ನು ಕ್ರೇಗ್ ಆಂಡರ್ಸನ್ ಮತ್ತು ಕ್ಯಾರೆನ್ ಡಿಲ್ 2000ದಲ್ಲಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಗುಂಡು ಹಾರಿಸುವ ಗೇಮ್, ಉಳಿದವರಿಗೆ ನಿಧಾನವಾಗಿ ಒಗಟು ಬಿಡಿಸುವ ಗೇಮ್ ಕೊಟ್ಟು, ಬಳಿಕ ಬೇಗ ಗುಂಡಿ ಒತ್ತುವ ಸ್ಪರ್ಧೆಯೊಂದನ್ನು ನಡೆಸಿದರು. ಸೋತ ಎದುರಾಳಿಯ ಕಿವಿಗೆ ಕರ್ಕಶ ಶಬ್ದ ಕೇಳಿಸುವ ಅವಕಾಶ ಗೆದ್ದವರಿಗೆ ಸಿಗುತ್ತಿತ್ತು, ಆ ಎದುರಾಳಿ ವಾಸ್ತವದಲ್ಲಿ ಇರಲೇ ಇಲ್ಲ. ಗುಂಡು ಹಾರಿಸುವ ಗೇಮ್ ಆಡಿದವರು, ಅದರಲ್ಲೂ ಹಿಂದಿನ ಸುತ್ತಿನಲ್ಲಿ ತಾವು ಸೋತು ಶಬ್ದ ಕೇಳಿಸಿಕೊಂಡ ಮೇಲೆ, ಸ್ವಲ್ಪ ಹೆಚ್ಚು ಹೊತ್ತು ಶಬ್ದ ಕೇಳಿಸಿದರು. ವ್ಯತ್ಯಾಸವನ್ನು ಎಣಿಸಿದ್ದು ಸೆಕೆಂಡಿನ ಭಾಗಗಳಲ್ಲಿ. ಈ ಶಬ್ದಪರೀಕ್ಷೆಯ ಅಂಕಗಳನ್ನು ಬೇರೆ ಬೇರೆ ಸಂಶೋಧಕರು ನೂರಕ್ಕೂ ಹೆಚ್ಚು ವಿಧಗಳಲ್ಲಿ ಲೆಕ್ಕ ಹಾಕಿದ್ದಾರೆ ಎಂಬುದನ್ನು ಮಾಲ್ಟೆ ಎಲ್ಸನ್ ಎಂಬ ಜರ್ಮನ್ ಸಂಶೋಧಕರು ಪಟ್ಟಿ ಮಾಡಿ ತೋರಿಸಿದಾಗ ನಮ್ಮ ಕ್ಷೇತ್ರಕ್ಕೆ ಮುಜುಗರವಾದದ್ದು ನಿಜ. ಅಳೆಯುವ ಕೋಲನ್ನು ಇಷ್ಟಬಂದಂತೆ ಹಿಡಿಯಬಹುದಾದರೆ ಬೇಕಾದ ಉದ್ದ ಸಿಗುವುದೇನೂ ಆಶ್ಚರ್ಯವಲ್ಲ.

ಇಂಥ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಲ್ಲೂ ಒಮ್ಮತವಿಲ್ಲ. 2010ರಲ್ಲಿ ಆಂಡರ್ಸನ್ ತಂಡ, ಹಿಂಸಾತ್ಮಕ ಗೇಮ್‌ಗಳು ಆಕ್ರಮಣಶೀಲತೆಯನ್ನು ಹೆಚ್ಚಿಸುವ ಕಾರಣಗಳಲ್ಲೊಂದು ಎಂಬ ತೀರ್ಮಾನಕ್ಕೆ ಬಂದಿತು. 2015ರಲ್ಲಿ ಕ್ರಿಸ್ಟೋಫರ್ ಫರ್ಗ್ಯುಸನ್, ಮಕ್ಕಳನ್ನು ಕುರಿತ ಅಧ್ಯಯನಗಳನ್ನಷ್ಟೇ ಸೇರಿಸಿ, ಪರಿಣಾಮ ಇಲ್ಲವೆನ್ನುವಷ್ಟು ಸಣ್ಣದು ಎಂದರು. 2018ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆ, ಮಕ್ಕಳನ್ನು ಕಾಲಾಂತರದಲ್ಲಿ ಹಿಂಬಾಲಿಸಿದ 24 ಅಧ್ಯಯನಗಳನ್ನು ಆಯ್ದುಕೊಂಡಿತು. ಒಟ್ಟು 17,000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಅದರಲ್ಲಿತ್ತು. ಹಿಂಸಾತ್ಮಕ ಗೇಮ್ ಆಡುವುದಕ್ಕೂ ಮುಂದೆ ಹೊಡೆದಾಟದಂಥ ದೈಹಿಕ ಆಕ್ರಮಣ ಹೆಚ್ಚುವುದಕ್ಕೂ ಸಂಬಂಧವಿದೆ ಎಂದೇ ಅದು ಹೇಳಿತು. ಆದರೆ ಮನೆಯ ಪರಿಸ್ಥಿತಿ, ಮಗುವಿನ ಹಿಂದಿನ ಸ್ವಭಾವ ಮೊದಲಾದವನ್ನು ಕಳೆದ ಮೇಲೆ ಉಳಿದ ಸಂಬಂಧದ ಪ್ರಮಾಣ ಸುಮಾರು 0.08 (ಸೊನ್ನೆ ಎಂದರೆ ಸಂಬಂಧವೇ ಇಲ್ಲ, ಒಂದು ಎಂದರೆ ಪೂರ್ಣ ಸಂಬಂಧ). ಈ ಸಂಖ್ಯೆಯನ್ನು ವರ್ಗ ಮಾಡಿದರೆ, ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ನೂರಕ್ಕೆ ಒಂದು ಪಾಲನ್ನೂ ಗೇಮ್ ವಿವರಿಸುವುದಿಲ್ಲ ಎಂದಾಗುತ್ತದೆ. ತಮ್ಮ ಮಗನ ಸಿಡುಕಿಗೆ ಕಾರಣ ಹುಡುಕುವಾಗ ಉಳಿದ ತೊಂಬತ್ತೊಂಬತ್ತು ಪಾಲನ್ನು ಮರೆಯುವಂತಿಲ್ಲ.

ನನಗೆ ವೈಯಕ್ತಿಕವಾಗಿ ಹೆಚ್ಚು ಭರವಸೆ ಹುಟ್ಟಿಸಿದವು ಈಚಿನ ಎರಡು ಅಧ್ಯಯನಗಳು. 2019ರಲ್ಲಿ ಆಂಡ್ರ್ಯೂ ಶಿಬಿಲ್ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೈನ್ ಬ್ರಿಟನ್ನಿನ 14–15 ವರ್ಷದ ಸುಮಾರು ಸಾವಿರ ಮಕ್ಕಳನ್ನು ಅಧ್ಯಯನ ಮಾಡಿದರು. ಯಾವ ಲೆಕ್ಕವನ್ನು ಹೇಗೆ ಮಾಡುತ್ತೇವೆಂಬುದನ್ನು ಮಾಹಿತಿ ಕೈಗೆ ಬರುವ ಮೊದಲೇ ನೋಂದಾಯಿಸಿದರು, ಗೇಮ್ ಎಷ್ಟು ಹಿಂಸಾತ್ಮಕವೆಂಬುದನ್ನು ಮಕ್ಕಳ ಅಭಿಪ್ರಾಯಕ್ಕೆ ಬಿಡದೆ ಅಧಿಕೃತ ವಯೋಮಿತಿ ಮುದ್ರೆಯಿಂದ ತೆಗೆದುಕೊಂಡರು, ನಡತೆಯ ವರದಿಯನ್ನು ಪೋಷಕರಿಂದ ಪಡೆದರು. ಸಂಬಂಧ ಸಿಗಲಿಲ್ಲ. ಅದಕ್ಕೆ ಹಿಂದಿನ ವರ್ಷ ಜರ್ಮನಿಯಲ್ಲಿ ಸಿಮೋನ್ ಕ್ಯೂನ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ವಯಸ್ಕರ ಒಂದು ಗುಂಪು ಎರಡು ತಿಂಗಳ ಕಾಲ ದಿನವೂ ಕುಖ್ಯಾತ ಹಿಂಸಾತ್ಮಕ ಗೇಮ್ ಒಂದನ್ನು ಆಡಿತು, ಇನ್ನೊಂದು ಗುಂಪು ಮನೆ-ಸಂಸಾರ ಕಟ್ಟುವ ಗೇಮ್ ಆಡಿತು, ಮೂರನೆಯದು ಏನನ್ನೂ ಆಡಲಿಲ್ಲ. ಆಕ್ರಮಣಶೀಲತೆ, ಅನುಕಂಪ, ಮನಸ್ಸಿನ ಹತೋಟಿ ಮುಂತಾದವುಗಳಲ್ಲಿ ಈ ಮೂರು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಕೊಲೆ ಮತ್ತು ಗುಂಡಿನ ದಾಳಿಯ ಮಾತಿಗೆ ಬಂದರೆ ಉತ್ತರ ಇನ್ನೂ ಸರಳವಾಗಿದೆ. ಅಮೆರಿಕದಲ್ಲಿ ಹದಿಹರೆಯದವರ ಹಿಂಸಾಪರಾಧ ಬಂಧನಗಳು 1994ರ ಸುಮಾರಿಗೆ ತುತ್ತತುದಿಗೇರಿ ನಂತರದ ಎರಡು ದಶಕಗಳಲ್ಲಿ ತೀವ್ರವಾಗಿ ಇಳಿದವು, ಗೇಮ್‌ಗಳ ಮಾರಾಟ ಬೆಳೆದದ್ದೂ ಅದೇ ಎರಡು ದಶಕಗಳಲ್ಲಿ. ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಗೇಮ್‌ಗೆ ಜನ ಸುರಿಯುವ ಹಣ ಅಪಾರ, ಕೊಲೆಗಳ ಪ್ರಮಾಣ ಜಗತ್ತಿನಲ್ಲೇ ಅತಿ ಕಡಿಮೆ. ಶಾಲೆಗಳ ಮೇಲೆ ದಾಳಿ ಮಾಡಿದ 41 ಮಂದಿಯನ್ನು ಕುರಿತು ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ 2002ರಲ್ಲಿ ಕೊಟ್ಟ ವರದಿಯಲ್ಲಿ, ಹಿಂಸಾತ್ಮಕ ಗೇಮ್‌ಗಳಲ್ಲಿ ಆಸಕ್ತಿ ತೋರಿಸಿದ್ದವರು ಎಂಟರಲ್ಲಿ ಒಬ್ಬರಷ್ಟೇ. ತಾವೇ ಬರೆದ ಕವಿತೆ, ಪ್ರಬಂಧ, ದಿನಚರಿಗಳಲ್ಲಿ ಹಿಂಸೆಯನ್ನು ತೋಡಿಕೊಂಡವರು ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ಹಾಗೆಂದು ದಿನಚರಿ ಬರೆಯುವುದನ್ನು ನಿಷೇಧಿಸಿ ಎಂದು ಯಾರೂ ಹೇಳಲಿಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘವು 2015ರಲ್ಲಿ ಗೇಮ್‌ಗೂ ಆಕ್ರಮಣಶೀಲತೆಗೂ ಸಂಬಂಧವಿದೆ ಎಂದಿತ್ತು, 2020ರಲ್ಲಿ ಆ ನಿಲುವನ್ನು ಪರಿಷ್ಕರಿಸುವಾಗ ಸಣ್ಣ ಸಂಬಂಧದ ಮಾತನ್ನು ಉಳಿಸಿಕೊಂಡು, ಹಿಂಸಾಪರಾಧಗಳಿಗೆ ಗೇಮೇ ಕಾರಣವೆನ್ನುವುದಕ್ಕೆ ವೈಜ್ಞಾನಿಕ ಆಧಾರ ಸಾಲದು ಎಂದು ಒತ್ತಿ ಹೇಳಿತು. ತಮ್ಮ ಅಣ್ಣನವರ ಭಯಕ್ಕೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ.

ಉತ್ತರ 2 (ಇಪ್ಪತ್ತು ವರ್ಷಗಳಿಂದ ಗಿಟಾರ್ ನುಡಿಸುವವನು)

ಗೇಮ್‌ಗಳ ವಿಷಯ ನನಗೆ ತಿಳಿಯದು, ಹಾಡುಗಳ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ. ತಾವು ಸಾಹಿತ್ಯವನ್ನು ಹುಡುಕಿ ಓದಿದ್ದು ಒಳ್ಳೆಯದೇ, ಆದರೆ ಆ ಸಂಗೀತವನ್ನು ಮೆಚ್ಚಿ ಕೇಳುವವರಲ್ಲಿ ಬಹಳಷ್ಟು ಮಂದಿ ಅದನ್ನು ಓದಿರುವುದಿಲ್ಲ. ಗಂಟಲಿನ ಆಳದಿಂದ ಗುಡುಗುವ ಆ ಗಾಯನದಲ್ಲಿ ಪದಗಳು ಒಡೆದು ಕೇಳಿಸುವುದೇ ಅಪರೂಪ.

ಈ ಆತಂಕಕ್ಕೆ ದೀರ್ಘ ಇತಿಹಾಸವಿದೆ. 1985ರಲ್ಲಿ ಅಮೆರಿಕದ ರಾಜಕಾರಣಿಗಳ ಪತ್ನಿಯರು ಸೇರಿ ಕಟ್ಟಿದ ಪೋಷಕರ ಸಮಿತಿಯೊಂದು ಹಾಡುಗಳ ವಿರುದ್ಧ ದನಿಯೆತ್ತಿದಾಗ ಸೆನೆಟ್ ವಿಚಾರಣೆಯನ್ನೇ ನಡೆಸಿತು. ರಾಕ್ ಸಂಗೀತಗಾರರಾದ ಫ್ರಾಂಕ್ ಜ಼ಪ್ಪಾ, ಡೀ ಸ್ನೈಡರ್ ಇವರ ಜೊತೆಗೆ, ಮೃದುವಾದ ಹಾಡುಗಳಿಗೆ ಹೆಸರಾದ ಜಾನ್ ಡೆನ್ವರ್ ಕೂಡ ಬಂದು ಸೆನ್ಸಾರ್‌ಶಿಪ್ಪನ್ನು ವಿರೋಧಿಸಿ ಸಾಕ್ಷ್ಯ ನುಡಿದರು. ಧ್ವನಿಮುದ್ರಿಕೆಗಳ ಮೇಲೆ ಪೋಷಕರಿಗೆ ಎಚ್ಚರಿಕೆ ಕೊಡುವ ಕಪ್ಪು-ಬಿಳುಪಿನ ಚೀಟಿ ಹುಟ್ಟಿಕೊಂಡದ್ದು ಆ ಗಲಾಟೆಯಿಂದಲೇ. ಆ ಚೀಟಿ ಇದ್ದರೆ ಮುದ್ರಿಕೆಯನ್ನು ಕೊಳ್ಳಲೇಬೇಕೆಂದು ನಮ್ಮಂಥ ಹುಡುಗರು ತಿಳಿದುಕೊಂಡಿದ್ದೆವು, ಅದು ಬೇರೆ ಮಾತು. 1990ರಲ್ಲಿ ನೆವಾಡದ ರೀನೋ ನಗರದ ನ್ಯಾಯಾಲಯದಲ್ಲಿ, ಬ್ರಿಟನ್ನಿನ ಜೂಡಾಸ್ ಪ್ರೀಸ್ಟ್ ತಂಡದ ಹಾಡಿನಲ್ಲಿ ಗುಪ್ತ ಆಜ್ಞೆಯೊಂದು ಅಡಗಿದೆ, ಅದೇ ಇಬ್ಬರು ಯುವಕರನ್ನು ತಮ್ಮ ಮೇಲೆ ಗುಂಡು ಹಾರಿಸಿಕೊಳ್ಳಲು ಪ್ರೇರೇಪಿಸಿತು ಎಂಬ ಮೊಕದ್ದಮೆ ನಡೆಯಿತು. ಆಜ್ಞೆಯಂತೆ ಕೇಳಿಸುವುದು ಗಾಯಕನ ಉಸಿರೂ ಗಿಟಾರಿನ ನಾದವೂ ಆಕಸ್ಮಿಕವಾಗಿ ಕೂಡಿದ್ದರಿಂದ ಉಂಟಾದದ್ದು ಎಂದು ನ್ಯಾಯಾಧೀಶರು ತಂಡವನ್ನು ಹೊಣೆಯಿಂದ ಮುಕ್ತಗೊಳಿಸಿದರು. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯ ಹತ್ಯಾಕಾಂಡ ನಡೆದ ಮರುದಿನಗಳಲ್ಲೇ ರಾಕ್ ಗಾಯಕ ಮ್ಯಾರಿಲಿನ್ ಮ್ಯಾನ್ಸನ್ ಅವರ ಸಂಗೀತದ ಮೇಲೆ ಬೆರಳು ತೋರಿಸಲಾಯಿತು. ಆ ಹಂತಕರು ಅವರ ಅಭಿಮಾನಿಗಳೇ ಆಗಿರಲಿಲ್ಲ ಎಂಬುದು ಹೊರಬರುವ ಹೊತ್ತಿಗೆ ಅವರ ಸಂಗೀತ ಕಾರ್ಯಕ್ರಮಗಳು ರದ್ದಾಗಿದ್ದವು.

ಹಾಡಿನ ಪದಗಳಿಂದ ಏನೂ ಆಗುವುದಿಲ್ಲ ಎಂದೂ ನಾನು ಹೇಳಲಾರೆ. ಹಿಂದಿನ ಉತ್ತರದಲ್ಲಿ ಹೆಸರಿಸಿದ ಆಂಡರ್ಸನ್ ಅವರೇ 2003ರಲ್ಲಿ, ಐದು ಪ್ರಯೋಗಗಳಲ್ಲಿ ಐನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಹಿಂಸಾತ್ಮಕ ಸಾಹಿತ್ಯದ ಹಾಡುಗಳನ್ನೂ ಹಾಗಲ್ಲದ ಹಾಡುಗಳನ್ನೂ ಕೇಳಿಸಿದಾಗ, ಮೊದಲಿನವುಗಳನ್ನು ಕೇಳಿದವರ ಮನಸ್ಸಿನಲ್ಲಿ ವೈರದ ಆಲೋಚನೆಗಳು ಹೆಚ್ಚಿದವು. ಆದರೆ ಅಳೆದದ್ದು ಹಾಡು ಮುಗಿದ ತಕ್ಷಣದ ಭಾವವನ್ನು, ಅದೂ ತಾವಾಗಿ ಆರಿಸಿಕೊಳ್ಳದ ಹಾಡನ್ನು ಕೇಳಿದವರಲ್ಲಿ. ಅಭಿಮಾನಿಗಳನ್ನೇ ಪರೀಕ್ಷಿಸಿದಾಗ ಚಿತ್ರ ಬೇರೆಯಾಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಸಂಗೀತವನ್ನು ಇಷ್ಟಪಡುವ 39 ಮಂದಿಗೆ ಮೊದಲು ಕೋಪ ಬರುವಂಥ ನೆನಪುಗಳನ್ನು ಕೆದಕಿ ಸಿಟ್ಟೇರಿಸಿ, ನಂತರ ಅರ್ಧದಷ್ಟು ಜನರಿಗೆ ಅವರಿಷ್ಟದ ಹಾಡು ಕೇಳಲು ಬಿಟ್ಟು, ಉಳಿದವರನ್ನು ಸುಮ್ಮನೆ ಕೂರಿಸಿದರು. ಹಾಡು ಕೇಳಿದವರ ಕೋಪ ಹೆಚ್ಚಲಿಲ್ಲ, ಮೌನವಾಗಿ ಕುಳಿತವರಷ್ಟೇ ಅವರ ಸಿಟ್ಟೂ ಇಳಿಯಿತು, ಮೇಲಾಗಿ ಅವರಲ್ಲಿ ಉತ್ಸಾಹ ಮೂಡಿತು. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 2019ರಲ್ಲಿ ಇನ್ನೊಂದನ್ನು ಪರೀಕ್ಷಿಸಿದರು: ಹಾಡು ಕೇಳುತ್ತಿರುವಾಗ ಒಂದು ಕಣ್ಣಿಗೆ ಹಿಂಸೆಯ ಚಿತ್ರವನ್ನೂ ಇನ್ನೊಂದಕ್ಕೆ ಸಾಧಾರಣ ಚಿತ್ರವನ್ನೂ ಏಕಕಾಲಕ್ಕೆ ತೋರಿಸಿದರೆ ಮಿದುಳು ಯಾವುದನ್ನು ಹಿಡಿಯುತ್ತದೆ? ಅಪಾಯವನ್ನು ಮೊದಲು ಗುರುತಿಸುವುದು ಮಿದುಳಿನ ಸಹಜ ಗುಣ. ಹಿಂಸೆಯನ್ನು ಕೇಳಿ ಕೇಳಿ ಜಡ್ಡುಗಟ್ಟಿದ್ದರೆ ಆ ಗುಣ ಕುಗ್ಗಬೇಕಿತ್ತು. ಹೆವಿ ಮೆಟಲ್‌ನ ಉಗ್ರ ರೂಪವಾದ ಡೆತ್ ಮೆಟಲ್‌ನ ಅಭಿಮಾನಿಗಳಲ್ಲಿ ಅದು ಉಳಿದವರಷ್ಟೇ ಇತ್ತು.

ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಅದನ್ನೇ ಕೇಳುತ್ತಿದ್ದೆ. ಮನೆಯಲ್ಲಿ ಹೇಳಿಕೊಳ್ಳಲಾಗದ ಏನೋ ಒಂದಕ್ಕೆ ಅಷ್ಟು ದೊಡ್ಡ ಸದ್ದು ಬೇಕಾಗಿತ್ತು.

ಉತ್ತರ 3 (ನಿವೃತ್ತ ಶಿಕ್ಷಕ)

ಮೇಲಿನ ಇಬ್ಬರೂ ವಿಷಯವನ್ನು ಬಲ್ಲವರು. ಆದರೂ ಓದಿ ಮುಗಿಸಿದ ತಾಯಿಗೆ, ಸರಿ, ಚಿಂತಿಸುವುದೇನೂ ಇಲ್ಲ ಎಂಬ ಭಾವನೆ ಬಂದರೆ ಅದು ಸರಿಯಲ್ಲ. ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಎಂಬುದು ಸರಾಸರಿಯ ಲೆಕ್ಕ. ಸರಾಸರಿ ಹುಡುಗನನ್ನು ನಾನು ಮೂವತ್ತು ವರ್ಷಗಳ ವೃತ್ತಿಯಲ್ಲಿ ಒಮ್ಮೆಯೂ ಕಂಡಿಲ್ಲ. ಕೋಟ್ಯಂತರ ಮಕ್ಕಳು ದಿನವೂ ಮಾಡುವ ಕೆಲಸದ ಪರಿಣಾಮ ತಲಾ ಒಂದಿಷ್ಟೇ ಆದರೂ ಒಟ್ಟಿನಲ್ಲಿ ಅದು ಸಣ್ಣದಾಗಿ ಉಳಿಯುವುದಿಲ್ಲ; ಮೊದಲೇ ಕೋಪಿಷ್ಠನಾದ, ಮನೆಯಲ್ಲಿ ಏಟು ತಿನ್ನುವ, ಗೆಳೆಯರಿಲ್ಲದ ಹುಡುಗನ ಮೇಲೆ ಅದು ಸರಾಸರಿಗಿಂತ ಹೆಚ್ಚಾಗಿರುವ ಸಾಧ್ಯತೆಯನ್ನು ಈ ಅಂಕಿಗಳು ಅಲ್ಲಗಳೆಯುವುದಿಲ್ಲ. ಸಿಂಗಪುರದ 3,034 ಮಕ್ಕಳನ್ನು ಮೂರು ವರ್ಷಗಳ ಅವಧಿಯಲ್ಲಿ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಮೇಲಿನವರು ಪ್ರತ್ಯೇಕವಾಗಿ ಹೇಳಲಿಲ್ಲ. ಹಿಂಸಾತ್ಮಕ ಗೇಮ್ ಹೆಚ್ಚು ಆಡಿದ ಮಕ್ಕಳಲ್ಲಿ ಮೊದಲು ಬದಲಾದದ್ದು ಆಲೋಚನೆಯ ರೀತಿ ಎಂದು ಅದು ಹೇಳುತ್ತದೆ: ಹೊಡೆಯುವುದು ತಪ್ಪೇನಲ್ಲ ಎಂಬ ನಂಬಿಕೆ, ಎದುರಿನವನು ಬೇಕೆಂದೇ ಕೆಣಕಿದ ಎಂಬ ಊಹೆ. ನಡತೆಯಲ್ಲಿನ ಬದಲಾವಣೆ ಅದರ ಮೂಲಕ ಬಂದದ್ದು. ತರಗತಿಯಲ್ಲಿ ನಾನು ಕಂಡದ್ದಕ್ಕೆ ಇದು ಹೊಂದಿಕೆಯಾಗುತ್ತದೆ. ಹುಡುಗರು ಯಾರನ್ನೂ ಕೊಲ್ಲಲು ಹೋಗಲಿಲ್ಲ. ಆದರೆ ಸೋತವನನ್ನು ಹೀಯಾಳಿಸುವ ಭಾಷೆ, ಬಿದ್ದವನ ಮೇಲೆ ಮತ್ತೊಂದು ಏಟು ಹಾಕುವ ಉಮೇದು ಎಲ್ಲಿಂದ ಬಂತೆಂದು ಕೇಳಿದರೆ ಅವರೇ ಗೇಮ್‌ನ ಹೆಸರು ಹೇಳುತ್ತಿದ್ದರು.

ತಮ್ಮ ಯಜಮಾನರು ಹೇಳುವ, ಒಳಗಿನ ಕೋಪ ಆಟದಲ್ಲಿ ಖಾಲಿಯಾಗುತ್ತದೆ ಎಂಬ ಮಾತು ಕೇಳಲು ಹಿತವಾಗಿದೆ, ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಬ್ರಾಡ್ ಬುಶ್ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅವಮಾನಕ್ಕೊಳಗಾದವರಿಗೆ ತಮ್ಮನ್ನು ಅವಮಾನಿಸಿದವನನ್ನು ನೆನೆಯುತ್ತ ಮರಳುಚೀಲ ಗುದ್ದಲು ಹೇಳಿದಾಗ, ಅವರ ಸಿಟ್ಟು ಇಳಿಯುವ ಬದಲು ಏರಿತು. ಏನೂ ಮಾಡದೆ ಕುಳಿತವರೇ ಹೆಚ್ಚು ಶಾಂತರಾದರು. ಜೊತೆಗೆ ನೋಡಿದವರಲ್ಲಿ ಯಾರೂ ಕೆಡಲಿಲ್ಲ ಎಂಬುದೂ ಪುರಾವೆಯಲ್ಲ. ಕೆಟ್ಟವನು ಈ ಮಾತನ್ನು ಹೇಳಲು ಪಕ್ಕದಲ್ಲಿ ಕುಳಿತಿರುವುದಿಲ್ಲ.

ಇನ್ನೊಂದು ವಿಷಯ, ಸಂಶೋಧನೆಗಿಂತ ಹೊರಗಿನದು. ಆನ್‌ಲೈನ್ ಗೇಮ್‌ನಲ್ಲಿ ತೆರೆಯ ಮೇಲಿನ ರಕ್ತ ಸುಳ್ಳು, ಆದರೆ ಮೈಕಿನಲ್ಲಿ ಕೇಳಿಸುವ ಬೈಗುಳ ಸುಳ್ಳಲ್ಲ. ಅದನ್ನು ಒಬ್ಬ ನಿಜವಾದ ಮನುಷ್ಯ ಇನ್ನೊಬ್ಬ ನಿಜವಾದ ಮನುಷ್ಯನಿಗೆ ಬೈಯುತ್ತಿರುತ್ತಾನೆ. ತಮ್ಮ ಮಗ ಯಾರೊಂದಿಗೆ ಆಡುತ್ತಾನೆ, ಅವರು ಏನು ಮಾತನಾಡುತ್ತಾರೆ ಎಂಬುದನ್ನು ಕೇಳಿದ್ದೀರಾ? ಆ ಗೇಮ್‌ನ ಮೇಲೆ ಎಷ್ಟು ವಯಸ್ಸಿನ ಮುದ್ರೆಯಿದೆ ಎಂಬುದನ್ನು ನೋಡಿದ್ದೀರಾ? ಅಮೆರಿಕದಲ್ಲಿ 1994ರಿಂದ, ಯುರೋಪಿನಲ್ಲಿ 2003ರಿಂದ ಅಂಥ ಮುದ್ರೆಗಳಿವೆ. ಹದಿನೆಂಟು ಎಂದು ಬರೆದದ್ದನ್ನು ಹದಿನಾಲ್ಕರವನಿಗೆ ಕೊಟ್ಟು ಆಮೇಲೆ ವಿಜ್ಞಾನ ಏನು ಹೇಳುತ್ತದೆ ಎಂದು ಕೇಳುವುದು ಕ್ರಮ ತಪ್ಪಿದ ಪ್ರಶ್ನೆ.

ಉತ್ತರ 1ರವರ ಮರುಮಾತು

ಶಿಕ್ಷಕರ ಮಾತಿನಲ್ಲಿ ಕೋಪ ಖಾಲಿಯಾಗುವುದರ ಬಗ್ಗೆಯೂ ಮೈಕಿನ ಬಗ್ಗೆಯೂ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಸಿಂಗಪುರದ ಅಧ್ಯಯನವನ್ನು ಬಿಟ್ಟದ್ದು ನನ್ನ ಲೋಪ. ಆದರೆ ಅಲ್ಲಿ ಆಟದ ಮಾಹಿತಿಯನ್ನೂ ನಡತೆಯ ಮಾಹಿತಿಯನ್ನೂ ಮಕ್ಕಳೇ ತುಂಬಿಕೊಟ್ಟದ್ದೆಂಬುದನ್ನು ಗಮನದಲ್ಲಿಡಬೇಕು. ಇನ್ನು ಹುಡುಗರೇ ಗೇಮ್‌ನ ಹೆಸರು ಹೇಳಿದರೆಂಬುದು: ಸಿಕ್ಕಿಬಿದ್ದ ಹುಡುಗನಿಗೆ ದೊಡ್ಡವರು ನಂಬುವ ಕಾರಣ ಯಾವುದೆಂದು ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ ಕೇಳಿದವರಿಗೆ ಒಂದು ಸಲಹೆ. ಗೇಮ್‌ನ ಹಿಂಸೆಯನ್ನೂ ಗೇಮ್ ತರುವ ಹತಾಶೆಯನ್ನೂ ಬೇರ್ಪಡಿಸಿ ನೋಡಿ. ಶಿಬಿಲ್ಸ್ಕಿ ಮತ್ತು ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಸರಣಿ ಪ್ರಯೋಗಗಳಲ್ಲಿ ಒಂದೇ ಗೇಮ್‌ನ ಹಿಂಸೆಯನ್ನು ತೆಗೆದೂ ಉಳಿಸಿಯೂ ನೋಡಿದರು, ಆಡುವ ಗುಂಡಿಗಳನ್ನು ಸುಲಭವಾಗಿಸಿಯೂ ಕಷ್ಟವಾಗಿಸಿಯೂ ನೋಡಿದರು. ಆಡಿದವರನ್ನು ಕೆರಳಿಸಿದ್ದು ರಕ್ತವಲ್ಲ, ತನ್ನಿಂದ ಆಗುತ್ತಿಲ್ಲವೆಂಬ ಭಾವ. ಪಾಲ್ ಅಡಾಚಿ ಮತ್ತು ಟೀನಾ ವಿಲ್ಲೊಬಿ 2011ರಲ್ಲಿ ಇಂಥದ್ದೇ ಒಂದನ್ನು ಕಂಡಿದ್ದರು. ಹಿಂಸೆಯಿಲ್ಲದ, ಆದರೆ ತೀವ್ರ ಪೈಪೋಟಿಯ ಕಾರ್ ಪಂದ್ಯದ ಗೇಮ್, ಹಿಂಸೆಯಿದ್ದೂ ಪೈಪೋಟಿ ಕಡಿಮೆಯಿರುವ ಗೇಮ್‌ಗಿಂತ ಹೆಚ್ಚು ಆಕ್ರಮಣಶೀಲತೆಯನ್ನು ಹುಟ್ಟಿಸಿತು. ಆದ್ದರಿಂದ ತಮ್ಮ ಮಗ ಯಾವ ಕ್ಷಣದಲ್ಲಿ ಸಿಡುಕುತ್ತಾನೆಂದು ಕೆಲವು ದಿನ ಏನೂ ಹೇಳದೆ ಗಮನಿಸಿ, ಬರೆದಿಟ್ಟುಕೊಳ್ಳಿ. ಆಡುವ ಮೊದಲೋ, ನಡುವೆಯೋ, ಸೋತ ಮೇಲೋ, ಗೆದ್ದಾಗಲೂ ಹಾಗೆಯೇ ಇರುತ್ತಾನೋ? ಎಷ್ಟು ಗಂಟೆಗೆ ಮಲಗುತ್ತಾನೆ ಎಂಬುದನ್ನೂ ಬರೆಯಿರಿ. ನಿದ್ದೆಗೆಟ್ಟ ಹದಿಹರೆಯದವರ ಸಿಟ್ಟಿಗೆ ಬೇರೆ ಕಾರಣವೇ ಬೇಕಾಗುವುದಿಲ್ಲ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆ ಹನ್ನೆರಡು ದಿನ ಬರೆದಿಟ್ಟೆ. ಹನ್ನೆರಡು ದಿನಗಳಲ್ಲಿ ಒಂಬತ್ತು ಬಾರಿ ಸಿಡುಕಿದ್ದಾನೆ, ಆ ಒಂಬತ್ತರಲ್ಲಿ ಏಳು ನಾನು ಆಟದ ನಡುವೆ ಕರೆದಾಗ ಅಥವಾ ಅವನು ಸೋತು ಎದ್ದಾಗ. ಉಳಿದೆರಡು ಬೆಳಿಗ್ಗೆ, ಹಿಂದಿನ ರಾತ್ರಿ ಒಂದು ಗಂಟೆಯ ನಂತರ ಮಲಗಿದ್ದ ದಿನಗಳಲ್ಲಿ. ರಜೆಯ ದಿನವೊಂದರಲ್ಲಿ ಅವನು ಒಬ್ಬನೇ ಆಡುವ ಬೇರೊಂದು ಗೇಮನ್ನು ಮೂರು ಗಂಟೆ ಆಡಿದ. ನಾನು ಹಿಂದೆ ನಿಂತು ನೋಡಿದೆ; ಅದರಲ್ಲಿ ದಿನನಿತ್ಯದ್ದಕ್ಕಿಂತ ಹೆಚ್ಚು ರಕ್ತವಿತ್ತು, ಶವಗಳು ಎದ್ದು ನಡೆಯುತ್ತಿದ್ದವು, ನನಗೆ ಹೊಟ್ಟೆ ತೊಳಸಿತು. ಅವನು ಎದ್ದು ಬಂದು ತಂಗಿಯೊಡನೆ ನಗುತ್ತ ಊಟ ಮಾಡಿದ. ಹೆಡ್‌ಫೋನ್ ಹಾಕಿಕೊಂಡ ಹೊತ್ತಿನಲ್ಲಿ ಒಮ್ಮೆಯೂ ರೇಗಿದ್ದನ್ನು ನಾನು ಬರೆದಿಲ್ಲ.

ಊಟಕ್ಕೆ ಕರೆದಾಗ ಕಿರುಚುವುದೇಕೆಂದು, ಅವನು ಶಾಂತನಾಗಿದ್ದಾಗ ಕೇಳಿದೆ. ‘ಅಮ್ಮಾ, ಅದನ್ನು ನಡುವೆ ನಿಲ್ಲಿಸಲು ಆಗುವುದಿಲ್ಲ. ನಾನು ಎದ್ದರೆ ನನ್ನ ತಂಡದ ಉಳಿದ ನಾಲ್ವರು ಸೋಲುತ್ತಾರೆ, ನನ್ನ ಅಂಕವೂ ಕಡಿಮೆಯಾಗುತ್ತದೆ. ನೀನು ಬಾ ಎನ್ನುತ್ತೀ, ಅವರು ಹೋಗಬೇಡ ಎನ್ನುತ್ತಾರೆ’ ಎಂದ. ಒಂದು ಮ್ಯಾಚ್ ನಲವತ್ತು ನಿಮಿಷ ನಡೆಯುತ್ತದೆಂಬುದು ನನಗೆ ತಿಳಿದಿರಲಿಲ್ಲ. ಒಂದೂವರೆ ವರ್ಷ ಒಂದೇ ಮನೆಯಲ್ಲಿದ್ದು ನಾನು ಕೇಳಿರಲೂ ಇಲ್ಲ. ಈಗ ಊಟಕ್ಕೆ ಐವತ್ತು ನಿಮಿಷ ಮೊದಲು ಹೇಳುತ್ತೇನೆ, ಅದರ ಮೇಲೆ ಹೊಸ ಮ್ಯಾಚ್ ಶುರು ಮಾಡುವಂತಿಲ್ಲ. ರಾತ್ರಿ ಹತ್ತರ ನಂತರವೂ ಹಾಗೆಯೇ. ಮೊದಲ ಮೂರು ದಿನ ಜಗಳವಾಯಿತು, ನಾಲ್ಕನೆಯ ದಿನದಿಂದ ಕಡಿಮೆಯಾಗಿದೆ.

ಶಿಕ್ಷಕರು ಕೇಳಿದ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಸಿಕ್ಕಿತು. ಹೆಡ್‌ಫೋನ್ ತೆಗೆಸಿ ಸ್ಪೀಕರಿನಲ್ಲಿ ಒಂದು ಮ್ಯಾಚ್ ಕೇಳಿದೆ. ಅಪರಿಚಿತನೊಬ್ಬ, ದನಿ ಕೇಳಿದರೆ ವಯಸ್ಕನೇ, ನನ್ನ ಮಗನ ಒಂದು ತಪ್ಪಿಗೆ ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಮಗ ನನ್ನ ಮುಖ ನೋಡಿ ತಲೆ ತಗ್ಗಿಸಿದ. ಮೌಸ್ ಒಡೆದ ದಿನ ಆದದ್ದೂ ಇಂಥದ್ದೇ ಎಂದು ಆಮೇಲೆ ಹೇಳಿದ. ಅಪರಿಚಿತರ ದನಿ ಕೇಳಿಸದಂತೆ ಮಾಡುವ ಆಯ್ಕೆ ಅದರಲ್ಲೇ ಇತ್ತು, ಅವನೇ ಹುಡುಕಿ ಹಾಕಿದ್ದಾನೆ. ಶಾಲೆಯ ಗೆಳೆಯರ ದನಿ ಮಾತ್ರ ಬರುತ್ತದೆ.

ಎರಡನೆಯ ಪ್ರಶ್ನೆ ನನ್ನ ಕೊರಳಿಗೇ ಬಿದ್ದಿದೆ. ಗೇಮ್‌ನ ಮೇಲೆ ಹದಿನಾರು ಎಂದಿದೆ, ಅದನ್ನು ಹುಟ್ಟುಹಬ್ಬಕ್ಕೆ ಕೊಡಿಸಿದ್ದು ನನ್ನ ಅಣ್ಣ. ಈ ಮಾತನ್ನು ಅವನ ಮುಂದೆ ಇನ್ನೂ ಎತ್ತಿಲ್ಲ.